ಶಿರೂರಿನ ಹಾವು ಮತ್ತು ಆವಕ ಪುಸ್ತಕದ ಒಂದು ಪುಟ

ಪ್ರಾಣಿ ಸಂಗ್ರಹಾಲಯದ ದಫ್ತರದ ಕೆಲಸಕ್ಕೆ ಸೇರುವವರಿಗೆ ಮೊದಲ ದಿನವೇ ಹಿರಿಯರೊಬ್ಬರು ಹೇಳುತ್ತಾರೆ: ಇದು ಆರಾಮದ ನೌಕರಿ, ಸತ್ತ ಪ್ರಾಣಿ, ಹಳೆಯ ಕಾಗದ, ಇಲ್ಲಿ ಯಾರಿಗೂ ಏನೂ ಆಗುವುದಿಲ್ಲ. ನನಗೂ ಹೇಳಿದ್ದರು. ಆ ಮಾತು ಸುಳ್ಳು. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ನಿವೃತ್ತಳಾಗಿ ಬಹಳ ವರ್ಷವಾಯಿತು. ಇನ್ನು ನನ್ನನ್ನು ಯಾರೂ ಎಲ್ಲಿಗೂ ವರ್ಗ ಮಾಡಲಾರರು.

ನಾನು ಹುನಗುಂದದವಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ನಡುವೆ ಬಾಗಲಕೋಟೆಯ ಹಳೆಯ ಪೇಟೆಯಲ್ಲಿದ್ದ ಒಂದು ಸಣ್ಣ ಸಂಗ್ರಹಾಲಯದಲ್ಲಿ ದಾಖಲೆ ಸಹಾಯಕಿಯಾಗಿ ಸೇರಿದೆ. ಅದನ್ನು ಕಟ್ಟಿದವರು ಒಬ್ಬ ಡಾಕ್ಟರು. ರೋಗಿಗಳನ್ನು ನೋಡಲು ಹಳ್ಳಿಗಳಿಗೆ ಹೋದಾಗಲೆಲ್ಲ ಮೀನು, ಹಕ್ಕಿ, ಹಾವು, ಓತಿಕ್ಯಾತ ಹಿಡಿದು ತಂದು ಗಾಜಿನ ಬರಣಿಗಳಲ್ಲಿ ಇಟ್ಟಿದ್ದರು. ನಾನು ಸೇರುವ ಹೊತ್ತಿಗೆ ಅವರು ತೀರಿಹೋಗಿದ್ದರು. ಒಂದು ಮಂಡಳಿ ಅದನ್ನು ನಡೆಸುತ್ತಿತ್ತು.

ನೋಡಲು ಬಂದವರು ಬರಣಿಗಳನ್ನು ನೋಡಿ ಹೋಗುತ್ತಿದ್ದರು. ನನ್ನ ಕೆಲಸ ಇದ್ದುದು ಹಿಂದಿನ ಕೋಣೆಯಲ್ಲಿ. ಡಾಕ್ಟರು ಊರೂರು ತಿರುಗಿದಾಗ ಪೆನ್ಸಿಲಿನಲ್ಲಿ ಬರೆದ ದಿನಚರಿಗಳು, ಬೇರೆ ಊರಿನ ಪಂಡಿತರ ಜೊತೆಗಿನ ಪತ್ರಗಳು, ಎಲ್ಲಕ್ಕಿಂತ ಮುಖ್ಯವಾಗಿ ಆವಕ ಪುಸ್ತಕ ಅಲ್ಲಿದ್ದವು. ಬಾಗಿಲೊಳಗೆ ಬಂದ ಪ್ರತಿ ಜೀವಕ್ಕೂ ಆವಕ ಪುಸ್ತಕದಲ್ಲಿ ಒಂದು ನಂಬರು. ಎಲ್ಲಿ ಸಿಕ್ಕಿತು, ಯಾರು ಹಿಡಿದರು, ಯಾರು ತಂದರು, ಮೈ ಹೇಗಿದೆ. ಮೈಯ ಲಕ್ಷಣವನ್ನು ಪ್ರಾಣಿಯನ್ನು ಕೈಯಲ್ಲಿ ಹಿಡಿದೇ ಬರೆಯಬೇಕು, ಬೇರೆ ಬರಹ ನೋಡಿ ಬರೆಯಬಾರದು ಎಂದು ಮೊದಲ ಪುಟದಲ್ಲಿ ಡಾಕ್ಟರೇ ಬರೆದಿದ್ದರು.

ಕೆಲಸ ಕಲಿಸಿದವರು ಅಟೆಂಡರ್ ಖಾಸಿಂಸಾಬರು. ಇಳಕಲ್ಲಿನ ನೇಕಾರರ ಮನೆಯವರು, ಮಗ್ಗ ಬಿಟ್ಟು ಡಾಕ್ಟರ ಬೆನ್ನುಹತ್ತಿ ಬಂದವರು. ಹಕ್ಕಿಯ ಚರ್ಮ ಬಿಡಿಸುವುದು, ಹತ್ತಿ ತುಂಬುವುದು, ಪ್ರಾಣಿಗೆ ನಂಬರಿನ ಚೀಟಿ ಕಟ್ಟುವುದು ಅವರ ಕೆಲಸ. ಚೀಟಿಯನ್ನು ಪ್ರಾಣಿಯ ಮೈಗೇ ನೂಲಿನಿಂದ ಕಟ್ಟಬೇಕು. ಇಳಕಲ್ಲಿನ ಗಂಟು ಅದು, ಸ್ಪಿರಿಟಿನಲ್ಲಿ ಎಷ್ಟು ವರ್ಷ ಮುಳುಗಿದರೂ ಸಡಿಲಾಗುತ್ತಿರಲಿಲ್ಲ.

ಕಾಡಿನಲ್ಲಿ ಸತ್ತು ಬಿದ್ದ ಪ್ರಾಣಿ ಸಿಕ್ಕರೆ ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಬೇಯಿಸಿ ಮೂಳೆ ಬಿಡಿಸುತ್ತಿದ್ದೆವು. ಒಮ್ಮೆ ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಮುಖ ತೋರಿಸಿ, "ಏನ್ರೀ ಅಕ್ಕಾರ, ಇವತ್ತ ಏನ್ ಅಡಗಿ?" ಎಂದಳು.

"ನರಿ ಅಬ್ಬೇ," ಎಂದರು ಖಾಸಿಂಸಾಬರು. "ಒಂದ್ ತಾಟ ಕಳಸ್ಲೇನು?"

ಅಜ್ಜಿ ಆಮೇಲೆ ಒಂದು ತಿಂಗಳು ನಮ್ಮ ಕಡೆ ನೋಡಲಿಲ್ಲ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಆ ಹಂಡೆಯ ಒಲೆಯ ಮುಂದೆಯೇ ನಡೆಯಿತು. ಡಾಕ್ಟರ ಒಂದು ದಿನಚರಿ ಹುಳ ತಿಂದು, ಮೀನಿನ ನೀರು ಬಿದ್ದು ಗಬ್ಬೆದ್ದಿತ್ತು. ಎರಡು ತಿಂಗಳು ಕೂತು ಅದನ್ನು ಹೊಸ ನೋಟುಬುಕ್ಕಿಗೆ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದೆ. ಹಳೆಯದನ್ನು ಒಲೆಗೆ ಹಾಕಿದೆ. ನನ್ನ ಬಗ್ಗೆ ನನಗೇ ಭಾಳ ಅಭಿಮಾನ. ಮುಂದಿನ ವರ್ಷ ಮೀನುಗಳ ಬಗ್ಗೆ ಅಭ್ಯಾಸ ಮಾಡುವ ಒಬ್ಬರು ಬಂದು, ಕಲಾದಗಿಯಲ್ಲಿ ಸಿಕ್ಕ ಒಂದು ಮೀನಿನ ಬಗ್ಗೆ ಕೇಳಿದರು: ಘಟಪ್ರಭೆಯ ಯಾವ ಜಾಗದಲ್ಲಿ ಸಿಕ್ಕಿತ್ತು? ನನ್ನ ನಕಲಿನಲ್ಲಿ 'ಕಲಾದಗಿ' ಎಂದಷ್ಟೇ ಇತ್ತು. ಹಳೆಯದರ ಅಂಚಿನಲ್ಲಿ ಒಂದು ನಕಾಶೆಯ ಗೆರೆ ಇತ್ತು, ಒಂದು ಮಡುವಿನ ಹೆಸರಿತ್ತು, ನೀರು ಎಷ್ಟು ಆಳ ಎಂದಿತ್ತು. ಅವನ್ನು ನಾನು ಕೊಳೆ ಎಂದು ಬಿಟ್ಟಿದ್ದೆ.

ಅವರು ಹೋದ ಮೇಲೆ ಖಾಸಿಂಸಾಬರು ನಿಧಾನವಾಗಿ ಹೇಳಿದರು: "ಅಕ್ಕಾರ, ನೀವು ಪುಸ್ತಕಕ್ಕ ಜಳಕಾ ಮಾಡಿಸಿದ್ರಿ. ಕೂಸೂ ನೀರಿನ ಜೋಡಿ ಹೋತು."

ಹೊಸಬರೇ, ನಕಲು ಎಂದರೆ ದಾಖಲೆಯಲ್ಲ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಬೂದಿಯ ಮುಂದೆ ನಿಂತು ಕಲಿತೆ.

ಕೆಲವು ವರ್ಷಗಳ ಮೇಲೆ ಅಂಗಡಿ ಸರ್ ಮುಖ್ಯಸ್ಥರಾಗಿ ಬಂದರು. ಅವರನ್ನು ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ನಮಗಿಂತ ಮೊದಲು ಬರುತ್ತಿದ್ದರು. ಕತ್ತಲೆ ಹಾಲಿಗೆ ಟ್ಯೂಬ್‌ಲೈಟು ಹಾಕಿಸಿದರು. ಬದಾಮಿ, ಇಳಕಲ್, ಗುಡೂರು ಸಾಲಿಗಳಿಂದ ಮಕ್ಕಳನ್ನು ಕರೆಸಿದರು. ಬದಾಮಿಯಲ್ಲಿ ಒಂದು ಕೋಣೆ ಹಿಡಿದು ಸಣ್ಣ ಶಾಖೆ ತೆರೆದರು. ಅವರಿಗೆ ಕಣ್ಣಿಗೆ ಚಂದ ಕಾಣಬೇಕಿತ್ತು. ಬರಣಿಯೊಳಗೆ ತೇಲುವ ಹಳದಿ ಚೀಟಿ, ಕಪ್ಪಗಾದ ನೂಲು ಅವರಿಗೆ ಸಹಿಸಲಾಗುತ್ತಿರಲಿಲ್ಲ.

"ಕಸ ತೇಲಾಡಿದಂಗ ಕಾಣ್ತೈತಿ," ಎಂದರು. "ನೀಲಮ್ಮಾರ, ಎಲ್ಲಾ ಹೆಸರು ಟೈಪ್ ಮಾಡ್ರಿ. ಮುಚ್ಚಳದ ಮ್ಯಾಲ ಅಂಟಸ್ರಿ. ಒಳಗಿನ ನೂಲು ಕತ್ತರಿಸಿ ಒಗೀರಿ."

ಖಾಸಿಂಸಾಬರು ಕತ್ತರಿ ಮುಟ್ಟಲಿಲ್ಲ. "ಸಾಹೇಬ್ರ, ಹೆಸರು ಹಾವಿನ ಮೈಮ್ಯಾಲ ಇರಬೇಕ್ರಿ. ಟೊಪಗಿ ಮ್ಯಾಲ ಬರದ್ರ ಹೆಂಗ್ರಿ? ಟೊಪಗಿ ಯಾರ್ದರೆ ಯಾರರೆ ಹಾಕ್ಕೊಂತಾರ."

ಅಂಗಡಿ ಸರ್ ನಕ್ಕರು. ನಾನೂ ನಕ್ಕೆ. ಕತ್ತರಿ ಹಿಡಿದವಳು ನಾನೇ. ಟೈಪ್ ಮಾಡಿದವಳೂ ನಾನೇ. ಬೇಸಿಗೆಯಲ್ಲಿ ಸ್ಪಿರಿಟು ಆರಿ ಕಡಿಮೆಯಾಗುತ್ತದೆ, ಮುಚ್ಚಳ ತೆಗೆದು ಮತ್ತೆ ತುಂಬಬೇಕು. ಆ ಬೇಸಿಗೆ ಹಾವಿನ ಕಪಾಟಿನ ಬರಣಿಗಳಿಗೆ ಸ್ಪಿರಿಟು ತುಂಬಿ ಮುಚ್ಚಳ ಹಾಕಿದ ಕೈ ಕೂಡ ನನ್ನದೇ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಯಾರೂ ನನ್ನ ಪರ ವಕಾಲತ್ತು ಮಾಡದಿರಲಿ.

ಆ ಕಾಲದಲ್ಲಿ ಹಾವು ಕಚ್ಚಿದರೆ ಜನ ಹಾವನ್ನು ಹೊಡೆದು, ಡಬ್ಬಿಯಲ್ಲೋ ಅರಿವೆಯಲ್ಲೋ ಸುತ್ತಿ, ಮೊದಲು ನಮ್ಮಲ್ಲಿಗೆ ತರುತ್ತಿದ್ದರು. ಯಾರೂ ಮಾಡಿದ ನಿಯಮವಲ್ಲ. ಡಾಕ್ಟರು ಇದ್ದಾಗಿನ ರೂಢಿ. ಅವರೇ ಹಾವು ಗುರುತಿಸಿ ಅವರೇ ಔಷಧ ಕೊಡುತ್ತಿದ್ದರು. ಅವರು ಹೋದರು, ರೂಢಿ ಉಳಿಯಿತು. ನಾವು ಯಾವ ಹಾವು ಎಂದು ಹೇಳುವುದು, ಅವರು ಅಲ್ಲಿಂದ ದವಾಖಾನಿಗೋ ಮನೆಗೋ ಹೋಗುವುದು. ಮೊದಲು ದವಾಖಾನಿ, ಆಮೇಲೆ ಹಾವು ಎಂದು ಅವರಿಗೆ ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಶಿರೂರಿನ ಈರಪ್ಪ ಎಂಬ ರೈತ ಊಟದ ಡಬ್ಬಿ ಹಿಡಿದುಕೊಂಡು ಬಂದ. ಹೆಂಡತಿ ಗಂಗವ್ವನಿಗೆ ನಸುಕಿನಲ್ಲಿ ಬೆರಳಿಗೆ ಹಾವು ಕಚ್ಚಿದೆ. ಅವಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಬೆರಳು ಬಾತಿಲ್ಲ, ಉರಿ ಇಲ್ಲ, ಸೂಜಿ ಚುಚ್ಚಿದ ಹಾಗಾಯಿತಂತೆ ಅಷ್ಟೇ.

ಡಬ್ಬಿಯಲ್ಲಿದ್ದುದು ತೆಳ್ಳಗಿನ ಕಪ್ಪು ಹಾವು, ಮೈಮೇಲೆ ಬಿಳಿ ಪಟ್ಟಿ. ಅಂಥವು ನಮ್ಮ ಕಡೆ ಎರಡಿವೆ. ಒಂದು ತೋಳಹಾವು, ವಿಷವಿಲ್ಲ. ಇನ್ನೊಂದು ಕಟ್ಟುಹಾವು. ಅದರ ವಿಷ ನೋಯಿಸುವುದಿಲ್ಲ, ಬಾವು ಬರಿಸುವುದಿಲ್ಲ. ನಿದ್ದೆ ಬಂದ ಹಾಗೆ ಮಾಡಿ ಉಸಿರು ನಿಲ್ಲಿಸುತ್ತದೆ. ಎರಡರ ಬರಣಿಗಳೂ ಅಕ್ಕಪಕ್ಕ ಇದ್ದವು. ನಾನು ಡಬ್ಬಿಯನ್ನು ಬರಣಿಗಳ ಪಕ್ಕ ಹಿಡಿದೆ. ಒಂದರ ಜೊತೆ ಪಟ್ಟಿಗೆ ಪಟ್ಟಿ ಹೊಂದಿತು. ಅದರ ಮುಚ್ಚಳ ಓದಿದೆ.

"ತೋಳಹಾವ್ರೀ," ಎಂದೆ. "ವಿಷ ಇಲ್ಲ. ಏನಾಗಂಗಿಲ್ಲ, ಆರಾಮ ಮನಿಗೆ ಕರಕೊಂಡ ಹೋಗ್ರಿ."

ಈರಪ್ಪ ಎರಡೂ ಕೈ ಹಣೆಗೆ ಮುಟ್ಟಿಸಿದ. "ನಮ್ಮವ್ವನ ಕಂಡಂಗಾತ್ರಿ ಅಕ್ಕಾರ. ಹಾವು ಬೇಕಂದ್ರ ನೀವ ಇಟಗೋರ್ರಿ," ಎಂದು ಡಬ್ಬಿಯಿಂದ ಹಾವನ್ನು ನಮ್ಮ ತಟ್ಟೆಗೆ ಸುರಿದು ಹೋದ.

'ಏನಾಗಂಗಿಲ್ಲ' ಎಂದ ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಅಡಿಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಯಾರಾದರೂ ಕರೆದಾಗ ತಿರುಗಿ ನೋಡುವಷ್ಟರಲ್ಲಿ ಅದು ಬಂದುಬಿಡುತ್ತದೆ. ಎಷ್ಟು ಮುದ್ದಾಗಿ, ಎಷ್ಟು ಧೈರ್ಯವಾಗಿ ಹೇಳಿದ್ದೆ.

ಹಾವು ಬಂತಲ್ಲ, ಆವಕ ಪುಸ್ತಕ ತೆಗೆದೆ. ನಂಬರು ಹಾಕಿದೆ. ಊರು ಶಿರೂರು. ಹೊಡೆದವರು, ತಂದವರು ಎರಡೂ ಕಡೆ ಈರಪ್ಪ. ಹೆಸರು ತೋಳಹಾವು, ವಿಷರಹಿತ. ಮುಂದಿನದು ಮೈ ಲಕ್ಷಣದ ಅಂಕಣ. ಅದಕ್ಕೆ ಹಾವನ್ನು ಕೈಯಲ್ಲಿ ಹಿಡಿಯಲೇಬೇಕು. ಹಿಡಿದೆ. ಕುತ್ತಿಗೆಯ ಹತ್ತಿರ ಪಟ್ಟಿಯೇ ಇರಲಿಲ್ಲ, ಬಾಲದ ಕಡೆಗೆ ದಟ್ಟವಾಗುತ್ತಿತ್ತು. ಬೆನ್ನಿನ ನಡುವೆ ಉದ್ದಕ್ಕೂ ಒಂದು ಸಾಲು ಹುರುಪೆ ಉಳಿದವಕ್ಕಿಂತ ದೊಡ್ಡವು, ಆರು ಮೂಲೆಯವು. ಪೆನ್ನು ನಿಂತಿತು. ಹಳೆಯ ಆವಕ ಪುಸ್ತಕ ತಿರುವಿ ಕಪಾಟಿನ ತೋಳಹಾವಿನ ನಮೂದು ತೆಗೆದೆ. ಡಾಕ್ಟರ ಅಕ್ಷರ: 'ಪಟ್ಟಿ ಕುತ್ತಿಗೆಯಲ್ಲಿ ದಟ್ಟ, ಬಾಲದತ್ತ ಮಾಯ. ಬೆನ್ನಿನ ಹುರುಪೆ ಎಲ್ಲಾ ಒಂದೇ ಅಳತೆ.' ಓಡಿಹೋಗಿ ತೋಳಹಾವಿನ ಮುಚ್ಚಳದ ಬರಣಿಯನ್ನು ಬೆಳಕಿಗೆ ಹಿಡಿದೆ. ಬಾಲದ ತನಕ ಪಟ್ಟಿ. ಪಕ್ಕದ ಬರಣಿ, ಕಟ್ಟುಹಾವಿನ ಮುಚ್ಚಳದ್ದು: ಬಾಲ ಸಾಫ್.

ಮುಚ್ಚಳ ಅದಲುಬದಲಾಗಿದ್ದವು.

"ಖಾಸಿಂಸಾಬ್ರ!" ಎಂದೆ. ಅವರು ನನ್ನ ಮುಖ, ಬರಣಿ ನೋಡಿದರು. "ಮಾತ ಆಮ್ಯಾಲ, ಅಕ್ಕಾರ. ಬಸ್‌ಸ್ಟ್ಯಾಂಡಿಗೆ ನಡೀರಿ," ಎಂದು ಸೈಕಲ್ ಹತ್ತಿದರು. ನಾನು ಹಿಂದೆ ಓಡಿದೆ. ಸೀರೆ ಮೊಣಕಾಲಿಗೆ ಎತ್ತಿ ಹಳೆಯ ಪೇಟೆಯ ನಡುವೆ ಓಡಿದೆ, ಒಂದು ಚಪ್ಪಲಿ ಎಲ್ಲೋ ಬಿತ್ತು.

ಶಿರೂರಿನ ಬಸ್ಸು ಇಂಜಿನ್ ಹಾಕಿ ನಿಂತಿತ್ತು. ಖಾಸಿಂಸಾಬರು ಅದರ ಮುಂದೆ ಸೈಕಲ್ ಅಡ್ಡ ಮಲಗಿಸಿ ನಿಂತಿದ್ದರು. ಕಂಡಕ್ಟರು ಬಾಗಿಲಲ್ಲಿ ನಿಂತು, "ಯಾಕ್ರೀ ಅಕ್ಕಾರ, ಯಾರ್ನ ಹಿಡಿಯಾಕ ಬಂದೀರಿ? ಗಂಡ ಓಡಿ ಹೋದನೇನ್ರಿ?" ಎಂದ. ಎಲ್ಲರೂ ನಕ್ಕರು. ನಾನು ಒಳಗೆ ಹತ್ತಿದೆ.

ಗಂಗವ್ವ ಕಿಟಕಿಯ ಪಕ್ಕ ಗಂಡನ ಹೆಗಲಿಗೆ ತಲೆ ಕೊಟ್ಟಿದ್ದಳು. ರೆಪ್ಪೆ ಅರ್ಧ ಮುಚ್ಚಿದ್ದವು. ಎತ್ತಲು ನೋಡಿದಳು, ಆಗಲಿಲ್ಲ.

"ನಿದ್ದಿ ಬರಾಕತ್ತೇತ್ರಿ," ಎಂದಳು. ನಾಲಿಗೆ ದಪ್ಪವಾಗಿತ್ತು.

"ಇಳೀರಿ. ದವಾಖಾನಿಗೆ ನಡೀರಿ, ಈಗಿಂದೀಗ."

ಈರಪ್ಪ ಅಲ್ಲಾಡಲಿಲ್ಲ. "ನೀವ ಅಂದ್ರಿಲ್ರಿ, ವಿಷ ಇಲ್ಲಂತ?"

"ತಪ್ಪ ಹೇಳೇನಿ, ಯಣ್ಣಾ. ನಾ ತಪ್ಪ ಹೇಳೇನಿ. ಏಳ್ರಿ."

ಬಸ್ಸಿನ ನಗು ನಿಂತಿತು. ಡ್ರೈವರು ಹಿಂದೆ ತಿರುಗಿ ಒಮ್ಮೆ ಅವಳನ್ನು ನೋಡಿದ. "ಇಳಸಬ್ಯಾಡ್ರಿ. ಸೈಕಲ್ ತಗೀರಿ ಸಾಬ್ರ, ಬಸ್ಸ ದವಾಖಾನಿಗೆ ಹೊಡೀತೇನಿ," ಎಂದ. ಯಾರೋ ಹಿಂದಿನಿಂದ "ನಮ್ಮ ಕೆಲಸ ತಪ್ತೈತ್ಲಾ" ಎಂದು ಗೊಣಗಿದ. ಅವನ ಪಕ್ಕದ ಮುದುಕಿ, "ಕೆಲಸ ನಾಳೀನೂ ಇರ್ತೈತಿ ಮೂಳಾ, ಬಾಯಿ ಮುಚ್ಚು," ಎಂದಳು. ಇಡೀ ಬಸ್ಸು ದವಾಖಾನಿಯ ಅಂಗಳಕ್ಕೆ ಬಂತು.

ದವಾಖಾನಿಯ ಡಾಕ್ಟರು ಕೇಳಿದ ಮೊದಲ ಮಾತು, "ಯಾವ ಹಾವು? ಖಾತ್ರಿ ಐತೇನು?"

"ಕಟ್ಟುಹಾವು. ಖಾತ್ರಿ," ಎಂದೆ. "ಈ ಸಲ ಹಾವ ನೋಡಿ ಹೇಳಾಕತ್ತೇನ್ರಿ."

ಸೂಜಿ ಹಾಕಿದರು. ಆದರೂ ಮಧ್ಯಾಹ್ನದ ಹೊತ್ತಿಗೆ ಅವಳ ಎದೆ ಏಳುವುದು ನಿಂತಿತು. ಗಂಟಲಿಗೆ ನಳಿಗೆ ಹಾಕಿ, ಕೈಯಿಂದ ಒತ್ತುವ ರಬ್ಬರಿನ ಚೀಲ ಜೋಡಿಸಿದರು. ನಾವು ಒತ್ತಿದರೆ ಅವಳಿಗೆ ಉಸಿರು, ಇಲ್ಲದಿದ್ದರೆ ಇಲ್ಲ. ನರ್ಸು, ಈರಪ್ಪ, ಖಾಸಿಂಸಾಬರು, ನಾನು ಪಾಳಿ ಹಿಡಿದೆವು. ಒತ್ತು, ಬಿಡು. ಒತ್ತು, ಬಿಡು. ಅವಳಿಗೆ ಎಲ್ಲ ಕೇಳಿಸುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಕಣ್ಣು ತೆರೆಯಲು ಮಾತ್ರ ಆಗುತ್ತಿರಲಿಲ್ಲ. ಈಗಲೂ ಒಮ್ಮೊಮ್ಮೆ ನನ್ನ ಬಲಗೈ ತಾನಾಗಿ ಮುಚ್ಚಿ ತೆರೆಯುತ್ತದೆ. ಆ ದಿನ ಮೈ ಲಕ್ಷಣದ ಅಂಕಣವನ್ನು ಮಧ್ಯಾಹ್ನ ತುಂಬಿದರಾಯಿತು ಎಂದು ಚಹಾ ಕುಡಿಯಲು ಕೂತಿದ್ದರೆ?

ಮೂರನೆಯ ದಿನ ಅವಳ ಬೆರಳು ಅಲುಗಿತು. ಬದುಕಿದಳು.

ನಾನು ಕಚೇರಿಗೆ ಮರಳಿ ಆವಕ ಪುಸ್ತಕ ತೆರೆದೆ. 'ತೋಳಹಾವು, ವಿಷರಹಿತ' ಎಂಬುದರ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಅದೇ ನಮ್ಮ ಪದ್ಧತಿ. ತಪ್ಪನ್ನು ಕೆರೆಯಬಾರದು, ಅಳಿಸಬಾರದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: 'ಕಟ್ಟುಹಾವು. ತಂದವರಿಗೆ ಮೊದಲು ವಿಷವಿಲ್ಲವೆಂದು ತಪ್ಪಾಗಿ ಹೇಳಲಾಯಿತು. ಕಾರಣ, ಬರಣಿಯ ಮುಚ್ಚಳಗಳು ಅದಲುಬದಲು. ಹೇಳಿದವಳು ನಾನು.' ಸಹಿ ಹಾಕಿದೆ.

ಅಂಗಡಿ ಸರ್ ಅದನ್ನು ನಿಂತೇ ಓದಿದರು. ಆಮೇಲೆ ಬಾಗಿಲು ಹಾಕಿ ಕೂತರು.

"ನೀಲಮ್ಮಾರ, ಹೊಸಾ ಪುಸ್ತಕ ತಗೋರಿ. ಈ ವರ್ಷದ್ದೆಲ್ಲಾ ಚಂದಾಗಿ ನಕಲ ಮಾಡ್ರಿ. ಈ ಒಂದ್ ನಮೂದು ಮೊದಲಿಂದಾನ ಕಟ್ಟುಹಾವು ಅಂತ ಇರಲಿ."

"ಹಳೇದು?"

"ಹುಳಾ ತಿಂದಾವ."

"ತಿಂದಿಲ್ರಿ ಸರ್."

"ಮುಂದಿನ ವಾರ ಮಂಡಳಿಯವರು ಬರ್ತಾರ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. "ಇದನ್ನ ಓದಿದ್ರ ಬಾಗಲಾ ಹಾಕಸ್ತಾರ. ಜನಾ ಹಾವ ತರೂದು ಬಿಡ್ತಾರ. ನಾಳೆ ಇನ್ನೊಬ್ಬರು ಸತ್ರ? ಯಾರೂ ಸತ್ತಿಲ್ಲ ಈಗ. ನಿಮ್ಮ ಹೆಸರೂ ಉಳೀತೈತಿ. ನಾ ನಿಮ್ಮ ಸಲುವಾಗೂ ಹೇಳಾಕತ್ತೇನಿ."

ಅದು ಖರೆ. ಆ ನಕಲು ನನ್ನನ್ನೂ ಉಳಿಸುತ್ತಿತ್ತು. ನೌಕರಿ ಹೋದರೆ ಹುನಗುಂದದಲ್ಲಿ ನನಗಾಗಿ ಯಾವ ಕೆಲಸವೂ ಕಾದಿರಲಿಲ್ಲ. ಎರಡು ದಿನ ಯೋಚಿಸಿದೆ. ಆದರೆ ಒಂದು ಮಾತು ನನಗೆ ಸ್ಪಷ್ಟವಿತ್ತು. ಆ ಬೆಳಿಗ್ಗೆ ಗಂಗವ್ವನನ್ನು ಉಳಿಸಿದ್ದು ನಾನಲ್ಲ, ನಮ್ಮ ಹಳೆಯ ಡಾಕ್ಟರು ಎಂದೋ ಬರೆದಿಟ್ಟ ಒಂದು ಸಾಲು. ಚಂದ ಮಾಡಲು ಹೋದ ಯಾರಾದರೂ ಆ ಸಾಲನ್ನು ನಡುವೆ ಎಲ್ಲೋ ಬದಲಿಸಿದ್ದರೆ ಅವಳು ಶಿರೂರಿನ ಬಸ್ಸಿನಲ್ಲೇ ಸಾಯುತ್ತಿದ್ದಳು. ನಾಳೆ ಮುಚ್ಚಳದ ಮೇಲೆ ಹೆಸರು ಬರೆಯಲು ಹೊರಟವರು ಏನು ಓದಬೇಕು? ನಮ್ಮಿಂದ ತಪ್ಪೇ ಆಗಿಲ್ಲ ಎಂದೇ?

"ಮಾಡಂಗಿಲ್ರಿ ಸರ್," ಎಂದು ಹೋಗಿ ಹೇಳಿದೆ. "ಬೇಕಾದ್ರ ನನ್ನ ತಗೀರಿ. ಪುಸ್ತಕಾ ಇರಲಿ."

"ಹಂಗಾರ ನಾನ ಮಾಡತೇನಿ. ಪುಸ್ತಕಾ ಇಲ್ಲೆ ಕೊಡ್ರಿ," ಎಂದರು. ಮೇಲಧಿಕಾರಿಯ ಮಾತು. ಕೊಡಲೇಬೇಕಿತ್ತು. ಪುಸ್ತಕ ಎದೆಗೆ ಹಿಡಿದು ನಿಂತಿದ್ದೆ, ಆಗ ಹೊರಗೆ ಖಾಸಿಂಸಾಬರ ದನಿ ಕೇಳಿತು. "ಬಾ ತಂಗೀ, ಬಾ. ಅಕ್ಕಾರು ಒಳಗ ಅದಾರ."

ಗಂಗವ್ವ. ದವಾಖಾನಿಯಿಂದ ಬಿಟ್ಟಿದ್ದರು, ಊರಿಗೆ ಹೊರಟಿದ್ದಳು. ಮುಖ ಬಿಳಿಚಿತ್ತು, ನಡಿಗೆಯಲ್ಲಿ ತೂಕವಿರಲಿಲ್ಲ. ಈರಪ್ಪ ಹಿಂದೆ ಗಂಟು ಹಿಡಿದು ನಿಂತ.

"ನನ್ನ ಹಾವ ಎಲ್ಲೈತ್ರಿ?" ಎಂದಳು.

ತೋರಿಸಿದೆ. ಖಾಸಿಂಸಾಬರು ಅದಕ್ಕೆ ನಂಬರಿನ ಚೀಟಿಯನ್ನು ಮೈಗೇ ಕಟ್ಟಿ ಬರಣಿಯಲ್ಲಿ ಬಿಟ್ಟಿದ್ದರು. ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಎದೆಗಿದ್ದ ಪುಸ್ತಕದ ಕಡೆ ಕೈ ಮಾಡಿ, "ಇದರಾಗ ನನ್ನ ಸುದ್ದಿ ಬರದೀರಂತ. ಖಾಸಿಂಸಾಬಣ್ಣ ಹೇಳಿದ. ಓದ್ರಿ," ಎಂದಳು.

ಅಂಗಡಿ ಸರ್ ಮೇಜಿನ ಹಿಂದೆ ಕೂತೇ ಇದ್ದರು. ನಾನು ಓದಿದೆ. ಗೆರೆ ಎಳೆದ ಸಾಲನ್ನೂ, ಕೆಂಪು ಶಾಯಿಯನ್ನೂ ಓದಿದೆ. ಅವಳು ಬೈಯಲಿ ಎಂದು ಕಾದೆ.

"ಹೊಡದವರು ಅಂತ ಯಾರ ಹೆಸರ ಐತಿ?"

"ಈರಪ್ಪ ಅಂತ ಬರದೇನಿ."

ಗಂಗವ್ವ ತಿರುಗಿ ಗಂಡನನ್ನು ನೋಡಿದಳು. "ಇಂವ? ಇಂವ ಮಂಚದ ಮ್ಯಾಲ ನಿಂತು ಹೊಯ್ಕೊಂತಿದ್ದ. ಒನಕಿ ತಗೊಂಡು ಹೊಡದಾಕಿ ನಾನು!"

"ಆಕಿನ ಹೊಡದ್ಲು ಬಿಡ್ರಿ," ಎಂದ ಈರಪ್ಪ, ನೆಲ ನೋಡುತ್ತ.

"ತಿದ್ದರಿ," ಎಂದಳು. "ತಪ್ಪಾಗಿದ್ದೆಲ್ಲಾ ತಿದ್ದಾಕತ್ತೀರಿಲ್ಲ, ಇದನ್ನೂ ತಿದ್ದರಿ."

ಈರಪ್ಪನ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಕೆಂಪು ಶಾಯಿಯಲ್ಲಿ 'ಹೊಡೆದವರು: ಗಂಗವ್ವ, ಶಿರೂರು' ಎಂದು ಬರೆದೆ. ತಿದ್ದಿದ್ದಕ್ಕೆ ಸಹಿ ಬೇಕಲ್ಲ, ನನ್ನ ಸಹಿ ಹಾಕಲು ಹೊರಟೆ. ಅವಳು ಪೆನ್ನು ಹಿಡಿದುಕೊಂಡಳು.

"ನಾ ಎರಡನೇತ್ತೆ ತನಕ ಸಾಲಿ ಕಲ್ತೇನಿ. ಸಯಿ ಬರತೈತಿ ನನಗ."

ಮೂರು ಅಕ್ಷರ ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ. ಕೊನೆಯ ಅಕ್ಷರ ಗೆರೆಯಿಂದ ಜಾರಿ ಕೆಳಗಿನ ಅಂಕಣಕ್ಕೆ ಇಳಿಯಿತು. ಬರೆದು ಮುಗಿಸಿ ಪುಸ್ತಕವನ್ನು ತಾನೇ ಎತ್ತಿ, ಅಂಗಡಿ ಸರ್ ಅವರ ಮೇಜಿನ ಮೇಲೆ ಇಟ್ಟಳು.

"ಸಾಹೇಬ್ರ, ನನ್ನ ಸಯಿ ಐತಿ ಇದರಾಗ. ಜ್ವಾಕಿ ಮಾಡ್ರಿ."

ಅವರು ಆ ಸಹಿಯನ್ನು ನೋಡಿದರು. ನನ್ನ ಅಕ್ಷರವನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಗಂಗವ್ವನ ಆ ಸಹಿಯನ್ನು ನಕಲು ಮಾಡಲು ಯಾರಿಗೂ ಬರುತ್ತಿರಲಿಲ್ಲ. ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು.

ಮಂಡಳಿಯವರು ಬಂದರು, ಓದಿದರು, ಕೂಗಾಡಿದರು. ಬಾಗಿಲು ಹಾಕಲಿಲ್ಲ. ಚೀಟಿಯನ್ನು ಮೈಗೇ ಕಟ್ಟಬೇಕು, ಹಾವು ಕಚ್ಚಿದವರನ್ನು ಮೊದಲು ದವಾಖಾನಿಗೆ ಕಳಿಸಬೇಕು ಎಂದು ಆದೇಶ ಮಾಡಿದರು. ನನ್ನನ್ನು ಬದಾಮಿ ಶಾಖೆಯ ಒಂದು ಕೋಣೆಗೆ ಹಾಕಿದರು, ಅಲ್ಲಿ ಹಲವು ವರ್ಷ ನನಗೆ ಒರೆಸಲು ಗಾಜಿನ ಕಪಾಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಂಗಡಿ ಸರ್ ಆಮೇಲೆ ನನ್ನ ಜೊತೆ ಆ ವಿಷಯ ಎಂದೂ ಎತ್ತಲಿಲ್ಲ. ಹೇಗೂ ಹುದ್ದೆ, ಬಡ್ತಿಗಳ ಕಥೆ ಹೇಳಲು ನಾನು ಕೂತಿಲ್ಲ.

ನೀವು ಆ ಸಂಗ್ರಹಾಲಯದ ಕೆಲಸಕ್ಕೆ ಸೇರಿದರೆ, ಮೊದಲ ವಾರವೇ ಎಂಬತ್ತರ ದಶಕದ ಆರಂಭದ ಆವಕ ಪುಸ್ತಕ ಕೇಳಿ ತೆಗೆಸಿ. ಒಂದೇ ಪುಟದಲ್ಲಿ ಎರಡು ಸಾಲಿನ ಮೇಲೆ ಗೆರೆ ಇರುತ್ತದೆ, ಎರಡೂ ಓದಲು ಬರುತ್ತವೆ. ಅದರಲ್ಲಿ ಹಾವಿನ ಹೆಸರಿನ ತಪ್ಪು ನನ್ನದು. ಅದನ್ನು ಮೆತ್ತಗೆ ಓದಬೇಡಿ, ನನಗೆ ನಾಚಿಕೆಯಿಲ್ಲ. ಆ ಪುಟ ಹುಳ ತಿಂದಿದೆ, ಕಳೆದಿದೆ, ಹೊಸದಾಗಿ ನಕಲು ಮಾಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಜಗಳ ಮಾಡಿ. ಜಗಳಕ್ಕೆ ಸಾಕ್ಷಿ ಬೇಕೆಂದರೆ ಶಿರೂರಿಗೆ ಹೋಗಿ, ಒನಕೆಯಿಂದ ಹಾವು ಹೊಡೆದ ಗಂಗವ್ವನ ಮನೆ ಯಾವುದು ಎಂದು ಕೇಳಿ.